ಒಗೆಯೋ ಕಲ್ಲಿನ ಹತ್ತಿರ ಸಿಕ್ಕ ವೈಫೈ

ಅಮ್ಮನ ಮನೆಯ ಗೀಸರಿಗೆ ಫೋನಿನಿಂದಲೇ ಆನ್, ಆಫ್ ಮಾಡುವ ಸ್ಮಾರ್ಟ್ ಪ್ಲಗ್ ಹಾಕಲು ಹೋಗಿ ಒಂದು ಭಾನುವಾರದ ಬೆಳಗ್ಗೆ ಪೂರ್ತಿ ಕಳೆದೆ. ಬಚ್ಚಲುಮನೆಯ ಹೊರಗೋಡೆಯಲ್ಲಿ ಪ್ಲಗ್ಗಿನ ಪುಟ್ಟ ನೀಲಿ ದೀಪ ಪಟಪಟ ಮಿನುಗುತ್ತಿತ್ತು. ಫೋನಿನಲ್ಲಿ ಆ್ಯಪ್ ನೂರರವರೆಗೆ ಎಣಿಸಿ ‘ಸಾಧನ ಸಿಗಲಿಲ್ಲ’ ಎನ್ನುತ್ತಿತ್ತು. ಪಾಸ್‌ವರ್ಡ್ ಸರಿ ಇತ್ತು. ರೂಟರ್ ಹಾಲ್‌ನಲ್ಲಿತ್ತು, ನಾನು ಅದರ ಪಕ್ಕದಲ್ಲೇ ಕೂತಿದ್ದೆ. ಐದು ಸಲವೂ ಅದೇ ಉತ್ತರ. ಅಷ್ಟರಲ್ಲಿ ಅಮ್ಮ ಕರೆದಳು ಅಂತ ಹಿತ್ತಲಿಗೆ ಹೋದೆ. ಒಗೆಯೋ ಕಲ್ಲಿನ ಮೇಲೆ ಕೂತು ಸುಮ್ನೆ ಇನ್ನೊಂದು ಸಲ ಒತ್ತಿದೆ. ಅರ್ಧ ನಿಮಿಷದಲ್ಲಿ ಪ್ಲಗ್ ಸೇರಿಕೊಂಡಿತು!

ರೂಟರ್ ಪಕ್ಕದಲ್ಲಿ ಕೂತಾಗ ಆಗದ್ದು ದೂರ ಹೋದಾಗ ಹೇಗಾಯಿತು?

ಈಗಿನ ಬಹುತೇಕ ರೂಟರುಗಳು ರೇಡಿಯೊ ಅಲೆಗಳ ಎರಡು ಪಟ್ಟಿಗಳಲ್ಲಿ, ಅಂದರೆ ಎರಡು ಬ್ಯಾಂಡ್‌ಗಳಲ್ಲಿ ಮಾತಾಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದ್ದು ಅದರ ಅರ್ಧಕ್ಕಿಂತ ಕಡಿಮೆ. ಊರಹಬ್ಬದ ಮೆರವಣಿಗೆ ಪಕ್ಕದ ಬೀದಿಯಲ್ಲಿ ಹೋಗುವಾಗ ಡೊಳ್ಳಿನ ಸದ್ದು ಗೋಡೆ ದಾಟಿ ಒಳಗೆ ಬರುತ್ತದೆ, ತಾಳದ ಸದ್ದು ಬರುವುದಿಲ್ಲ, ಅಲ್ವಾ? ರೇಡಿಯೊ ಅಲೆಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ, ಆದರೆ ಇಟ್ಟಿಗೆ, ಕಾಂಕ್ರೀಟು ಅಡ್ಡ ಬಂದರೆ ಬೇಗ ಸೊರಗುತ್ತದೆ. 2.4 ನಿಧಾನ, ಆದರೆ ಹಿತ್ತಲಿನವರೆಗೂ ಬರುತ್ತದೆ.

ನಮ್ಮ ಫೋನಿಗೆ ಎರಡೂ ಕೇಳಿಸುತ್ತವೆ. ಅಗ್ಗದ ಬಲ್ಬು, ಪ್ಲಗ್ಗುಗಳಲ್ಲಿ ಬಹುತೇಕಕ್ಕೆ ಕೇಳಿಸುವುದು 2.4 ಮಾತ್ರ. ಇದರಲ್ಲಿ ಮೋಸವೇನಿಲ್ಲ. ಬಲ್ಬು ಸಿನಿಮಾ ನೋಡಬೇಕಿಲ್ಲ. ‘ಹತ್ತು’, ‘ಆರು’ ಎಂಬ ನಾಲ್ಕಕ್ಷರ ತಲುಪಿದರೆ ಅದಕ್ಕೆ ಸಾಕು. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿ ಇಎಸ್‌ಪಿ8266 ಎಂಬ ಚಿಪ್ ತಂದಿತು. 2.4 ಮಾತ್ರ ಬಲ್ಲ, ತೀರಾ ಕಡಿಮೆ ಬೆಲೆಯ ಚಿಪ್. ವೈಫೈ ಬಲ್ಬು, ಪ್ಲಗ್ಗುಗಳು ಮನೆಮನೆಗೆ ಬರಲು ಇಂಥ ಚಿಪ್ಪುಗಳೇ ಕಾರಣ.

ಕೆಟ್ಟುಹೋದ ಒಂದು ಸ್ಮಾರ್ಟ್ ಬಲ್ಬನ್ನು ನಾನೊಮ್ಮೆ ಬಿಚ್ಚಿ ನೋಡಿದ್ದೆ. ಉಗುರಿಗಿಂತ ಸ್ವಲ್ಪ ದೊಡ್ಡ ಹಸಿರು ಬೋರ್ಡು. ಅದರ ಒಂದು ತುದಿಯಲ್ಲಿ ತಾಮ್ರದ ಸಣ್ಣ ಗೆರೆ, ರವಿಕೆಯ ಅಂಚಿನ ಕಸೂತಿಯ ಹಾಗೆ ಮೇಲೆ ಕೆಳಗೆ ಮಡಚಿಕೊಂಡು ಹೋಗಿತ್ತು. ಅದೇ ಆಂಟೆನಾ! ಇಂಥ ಆಂಟೆನಾದ ಗೆರೆ ಅಲೆಯ ಕಾಲು ಭಾಗದಷ್ಟು, ಅಂದರೆ ಸುಮಾರು 3 ಸೆಂಟಿಮೀಟರ್ ಉದ್ದವಿರಬೇಕು. ಅಷ್ಟುದ್ದದ ಗೆರೆಯನ್ನು ಇಷ್ಟು ಪುಟ್ಟ ಜಾಗದಲ್ಲಿ ಹಿಡಿಸಲು ಈ ಮಡಿಕೆ. ನನಗೆ ಈಗಲೂ ಅದನ್ನು ನೆನೆದರೆ ಖುಷಿಯಾಗುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ರೂಟರ್ 2.4ರಲ್ಲೂ ಮಾತಾಡುತ್ತಿತ್ತಲ್ಲ, ಪ್ಲಗ್ ನೇರವಾಗಿ ಸೇರಿಕೊಳ್ಳಬಹುದಿತ್ತಲ್ಲ? ಅಲ್ಲೇ ಇರುವುದು ಸ್ವಾರಸ್ಯ. ಪ್ಲಗ್ಗಿಗೆ ಕೀಬೋರ್ಡೂ ಇಲ್ಲ, ಪರದೆಯೂ ಇಲ್ಲ. ಪಾಸ್‌ವರ್ಡನ್ನು ಫೋನೇ ಹೇಳಿಕೊಡಬೇಕು. ಆದರೆ ಪ್ಲಗ್ ಇನ್ನೂ ನೆಟ್‌ವರ್ಕಿನ ಹೊರಗಿದೆ. ಗಾಳಿಯಲ್ಲಿ ಹಾರಾಡುವ ಮಾಹಿತಿಗೆಲ್ಲ ಬೀಗ ಹಾಕಿರುತ್ತದೆ, ಅದನ್ನು ಪ್ಲಗ್ ಓದಲಾರದು. ಎಂಜಿನಿಯರುಗಳು ಇದಕ್ಕೊಂದು ಜಾಣ ದಾರಿ ಹುಡುಕಿದರು. ಅಂಟಿಸಿದ ಲಕೋಟೆಯೊಳಗೆ ಏನು ಬರೆದಿದೆ ಎಂದು ಗೊತ್ತಾಗದಿದ್ದರೂ ಲಕೋಟೆ ಎಷ್ಟು ದಪ್ಪ ಎಂದು ಹೊರಗಿನಿಂದಲೇ ಗೊತ್ತಾಗುತ್ತದೆ. ಫೋನು ಬೇರೆ ಬೇರೆ ಗಾತ್ರದ ಲಕೋಟೆಗಳನ್ನು ಒಂದರ ಹಿಂದೊಂದು ಕಳಿಸುತ್ತದೆ. ಒಂದೊಂದು ಗಾತ್ರಕ್ಕೆ ಒಂದೊಂದು ಅರ್ಥ. ಪ್ಲಗ್ ಆ ಗಾತ್ರಗಳನ್ನು ಅಳೆದು ಅಳೆದು ಪಾಸ್‌ವರ್ಡ್ ಜೋಡಿಸಿಕೊಳ್ಳುತ್ತದೆ. ದೀಪ ಪಟಪಟ ಮಿನುಗುವಾಗ ಅದು ಒಂದೊಂದೇ ಚಾನೆಲ್ಲಿಗೆ (ಬ್ಯಾಂಡಿನೊಳಗಿನ ಒಂದೊಂದು ಸಣ್ಣ ಪಾಲಿಗೆ) ಹೋಗಿ ಕಿವಿಗೊಟ್ಟು ಕಾಯುತ್ತಿರುತ್ತದೆ.

ಹಾಲ್‌ನಲ್ಲಿ ನನ್ನ ಫೋನು 5 ಗಿಗಾಹರ್ಟ್ಸ್‌ನಲ್ಲಿತ್ತು. ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದುದರಿಂದ ನನಗದು ಗೊತ್ತಾಗಲಿಲ್ಲ. ಫೋನು ಕಳಿಸಿದ ಲಕೋಟೆಗಳು ಪ್ಲಗ್ಗಿಗೆ ಕೇಳಿಸದ ಬ್ಯಾಂಡಿನಲ್ಲಿ ಹಾರುತ್ತಿದ್ದವು. ಹಿತ್ತಲಿಗೆ ಹೋದಾಗ ನಡುವೆ ಎರಡು ಗೋಡೆ ಬಂದವು, 5 ಸೊರಗಿತು, ಫೋನು ತಾನಾಗಿ 2.4ಕ್ಕೆ ಇಳಿಯಿತು. ಅವತ್ತು ಕೆಲಸ ಮಾಡಿಕೊಟ್ಟಿದ್ದು ಆ ಗೋಡೆಗಳು.

ಹಿತ್ತಲಿಲ್ಲದ ಮನೆಯವರು ರೂಟರ್ ಸೆಟ್ಟಿಂಗಿನಲ್ಲಿ 5 ಗಿಗಾಹರ್ಟ್ಸನ್ನು ಹತ್ತು ನಿಮಿಷ ಆಫ್ ಮಾಡಿದರಾಯಿತು. ಇಲ್ಲವೇ ಎರಡು ಬ್ಯಾಂಡಿಗೆ ಎರಡು ಹೆಸರಿಡಿ. ಹಾಗೆ ಮಾಡುವಾಗ ಹಳೆಯ ಹೆಸರನ್ನು 2.4ಕ್ಕೇ ಬಿಡಿ, ಹೊಸದನ್ನು 5ಕ್ಕೆ ಕೊಡಿ. ಮನೆಯಲ್ಲಿ ಮೊದಲೇ ಇರುವ ಬಲ್ಬುಗಳು ಹಳೆಯ ಹೆಸರನ್ನೇ ನೆನಪಿಟ್ಟುಕೊಂಡಿರುತ್ತವೆ. ಇದನ್ನು ಮರೆತರೆ ಎಲ್ಲವನ್ನೂ ಮತ್ತೆ ಒಂದೊಂದಾಗಿ ಸೇರಿಸುವ ಕಷ್ಟ. ಆದರೂ ಸೇರದಿದ್ದರೆ ರೂಟರ್ ಸೆಟ್ಟಿಂಗಿನಲ್ಲಿ ಭದ್ರತೆ, ಅಂದರೆ ವೈಫೈಗೆ ಬೀಗ ಹಾಕುವ ವಿಧಾನ, ಹೊಸ ಡಬ್ಲ್ಯುಪಿಎ3 ಮಾತ್ರ ಅಂತ ಇದೆಯೇ ನೋಡಿ. ಹಳೆಯ ಚಿಪ್ಪುಗಳಿಗೆ ಅದರ ಹಿಂದಿನ ಡಬ್ಲ್ಯುಪಿಎ2 ಬೇಕು. ಅಮೆರಿಕದಿಂದ ಮಗಳೋ ಅಳಿಯನೋ ತಂದುಕೊಟ್ಟ ಕ್ಯಾಮೆರಾ ಆದರೆ ಚಾನೆಲ್ ಕೂಡ ನೋಡಿ. ಅಲ್ಲಿಯ ಸಾಧನಗಳು ಸಾಮಾನ್ಯವಾಗಿ 1ರಿಂದ 11ರವರೆಗೆ ಮಾತ್ರ ಕೇಳುತ್ತವೆ. ನಮ್ಮ ರೂಟರ್ 12 ಅಥವಾ 13ರಲ್ಲಿ ಕೂತರೆ ಅವಕ್ಕೆ ವೈಫೈ ಇದೆಯೆಂದೇ ತಿಳಿಯದು. 1, 6, 11 ಒಂದರ ಮೇಲೊಂದು ಬೀಳುವುದಿಲ್ಲ, ಅವುಗಳಲ್ಲೊಂದನ್ನು ಆರಿಸಿ.

ಇತ್ತೀಚಿನ ಅನೇಕ ಸಾಧನಗಳು ಪಾಸ್‌ವರ್ಡನ್ನು ಬ್ಲೂಟೂತ್‌ನಲ್ಲಿ ಕೇಳಿಸಿಕೊಳ್ಳುತ್ತವೆ. ಅಂಥವಕ್ಕೆ ಫೋನು ಯಾವ ಬ್ಯಾಂಡಿನಲ್ಲಿದೆ ಎಂಬ ತಲೆನೋವು ಕಡಿಮೆ.

ಗೀಸರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಪ್ಲಗ್ಗನ್ನೇ ತನ್ನಿ. ದೀಪಕ್ಕೆ ಹಾಕುವ ಸಣ್ಣ ಪ್ಲಗ್ ಕಾದು ಕರಗೀತು.

‘ಹಾಗಾದ್ರೆ ದಿನಾ ಬೆಳಗ್ಗೆ ನಾನು ಕಲ್ಲಿನ ಹತ್ರ ಹೋಗಿ ಒತ್ತಬೇಕೇನೋ?’ ಅಂತ ಅಮ್ಮ ಕೇಳಿದಳು. ಬೇಡ. ಒಮ್ಮೆ ಸೇರಿದ ಮೇಲೆ ಫೋನು 5ರಲ್ಲಿದ್ದರೂ ಪ್ಲಗ್ 2.4ರಲ್ಲಿದ್ದರೂ ರೂಟರ್ ನಡುವೆ ನಿಂತು ಇವರ ಮಾತು ಅವರಿಗೆ ದಾಟಿಸುತ್ತದೆ. ಕರೆಂಟ್ ಹೋಗಿ ಬಂದರೂ ಪ್ಲಗ್ ತನ್ನ ನೆನಪಿನಲ್ಲಿಟ್ಟ ಹೆಸರು, ಪಾಸ್‌ವರ್ಡಿನಿಂದ ತಾನೇ ಸೇರಿಕೊಳ್ಳುತ್ತದೆ. ಈಗ ಅಮ್ಮ ಮಂಚದಿಂದ ಏಳುವ ಮೊದಲೇ ಫೋನಿನಲ್ಲಿ ಒತ್ತುತ್ತಾಳೆ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ನೀರು ಬಿಸಿಯಾಗಿರುತ್ತದೆ.