ಮಾಡು ಸೋರುತ್ತಿಲ್ಲ, ಬೆವರುತ್ತಿದೆ

ಜುಲೈಯಲ್ಲಿ ಬೆಡ್‌ರೂಮಿನ ಫಾಲ್ಸ್ ಸೀಲಿಂಗ್‌ನಲ್ಲಿ ಕಂದು ಕಲೆ ಕಂಡರೆ ಮಂಗಳೂರಲ್ಲಿ ಎಲ್ಲರೂ ಹೇಳುವುದು ಒಂದೇ, ಮಾಡು ಸೋರ್ತಾ ಇದೆ. ಮಾಡಿಗೆ ತಗಡಿನ ಶೀಟು ಹಾಕುವವರು ಬಂದು ಸ್ಕ್ರೂಗಳಿಗೆಲ್ಲ ಸಿಲಿಕಾನ್ ಹಚ್ಚಿ ಹೋಗುತ್ತಾರೆ. ಕಲೆ ಮಾತ್ರ ದೊಡ್ಡದಾಗುತ್ತಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಮಳೆನೀರೇ ಅಲ್ಲ, ಗಾಳಿಯಲ್ಲಿದ್ದ ನೀರು.

ಮಳೆಗಾಲದಲ್ಲಿ ಇಲ್ಲಿ 28 ಡಿಗ್ರಿ ಸೆಕೆ, ಶೇ 90ರಷ್ಟು ತೇವ ಇರುವುದು ಮಾಮೂಲು. ಅಂಥ ಗಾಳಿ ಸುಮಾರು 26 ಡಿಗ್ರಿಗೆ ಇಳಿದರೆ ಸಾಕು, ಹನಿ ಕಟ್ಟುತ್ತದೆ. ಕೆಳಗೆ ನೀವು ಎಸಿಯನ್ನು 22ಕ್ಕೆ ಇಟ್ಟಿರುತ್ತೀರಿ. ಹೊರಗಿನ ಗಾಳಿ ಶೀಟಿನ ಸಂದಿಯಲ್ಲಿ ನುಗ್ಗಿ, ಬಿಸಿ ತಡೆಯಲು ಶೀಟಿಗೂ ಸೀಲಿಂಗಿಗೂ ನಡುವೆ ಹಾಸಿದ ಗಾಜಿನ ನಾರಿನ ಹತ್ತಿ, ಅಂದರೆ ಗ್ಲಾಸ್ ವುಲ್, ಅದನ್ನು ದಾಟಿ, ತಣ್ಣಗಿರುವ ಜಿಪ್ಸಮ್ ಬೋರ್ಡಿನ ಬೆನ್ನು ಮುಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಆಗುವುದೇ ಅಲ್ಲೂ ಆಗುತ್ತದೆ. ಗ್ಲಾಸ್ ವುಲ್ ಬಿಸಿಯನ್ನು ತಡೆಯುತ್ತದೆ, ನೀರಾವಿಯನ್ನಲ್ಲ. ಒದ್ದೆಯಾದರೆ ಬಿಸಿ ತಡೆಯುವುದೂ ಕಡಿಮೆಯಾಗುತ್ತದೆ, ಬೂಷ್ಟು ಬೇರೆ.

ಹಳೇ ಹಂಚಿನ ಮನೆಗೆ ಈ ಕಾಟ ಇರಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯ ಕಾಲದಿಂದ ಹಂಚು ಕೂರುವುದು ರೀಪು ಅನ್ನುವ ಮರದ ಪಟ್ಟಿಯ ಮೇಲೆ, ಸಂದಿ ಬಿಟ್ಟೇ. ಗಾಳಿ ಆಡುತ್ತದೆ, ನೆನೆದದ್ದು ಒಣಗುತ್ತದೆ. ಕೆಳಗಿನ ಕೋಣೆಯನ್ನು ಯಾರೂ ತಣ್ಣಗೆ ಮಾಡುತ್ತಿರಲಿಲ್ಲ ಅನ್ನುವುದೂ ಅಷ್ಟೇ ಮುಖ್ಯ.

ಈಗ ದೊಡ್ಡ ತಪ್ಪಾಗುವುದು ಪ್ಲಾಸ್ಟಿಕ್ ಹಾಳೆಯಲ್ಲಿ. ಚಳಿ ದೇಶಗಳಲ್ಲಿ ಬೆಚ್ಚಗಿನ ಒದ್ದೆ ಗಾಳಿ ಇರುವುದು ಮನೆಯೊಳಗೆ, ಹಾಗಾಗಿ ಆವಿ ತಡೆಯುವ ಹಾಳೆಯನ್ನು ಇನ್ಸುಲೇಶನ್ನಿನ ಒಳಬದಿಗೆ ಹಾಕುತ್ತಾರೆ. ಅವರ ವಿಡಿಯೋ ನೋಡಿ ನಾವೂ ಹಾಗೇ ಮಾಡಿದರೆ, ನೀರು ತಣ್ಣಗಿನ ಹಾಳೆಯ ಬೆನ್ನ ಮೇಲೆ ನಿಂತುಬಿಡುತ್ತದೆ, ಒಣಗಲು ದಾರಿಯೇ ಇಲ್ಲ. ಎಸಿ ಹಾಕುವ ಕರಾವಳಿ ಮನೆಯಲ್ಲಿ ಹಾಳೆ ಇರಬೇಕಾದದ್ದು ಹೊರಬದಿಗೆ, ಶೀಟಿನ ಹತ್ತಿರ.

ಗಾಳಿಯಾಡದ ಮಾಡು ಕೆಟ್ಟದ್ದು ಅಂತಲ್ಲ. ಮುಚ್ಚುವುದಾದರೆ ಪೂರ್ತಿ ಮುಚ್ಚಬೇಕು, ಅಷ್ಟೇ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಒಳ್ಳೆಯದೇ, ಅದರ ಫೋಮಿನಲ್ಲಿ ಆವಿ ಸುಲಭಕ್ಕೆ ದಾಟುವುದಿಲ್ಲ. ಆದರೆ ಪ್ಯಾನೆಲ್‌ಗಳ ಜೋಡಣೆ, ಗೋಡೆ ಸೇರುವ ಅಂಚು, ವೈರ್ ಇಳಿಸಿದ ತೂತು, ಇಷ್ಟನ್ನೂ ಬಿಗಿಯಾಗಿ ಮುಚ್ಚಿಸಿ. ಅರ್ಧ ಮುಚ್ಚಿದ್ದೇ ಜಾಸ್ತಿ ತೊಂದರೆ ಕೊಡುವುದು.

ಸಿಲಿಕಾನ್‌ಗೆ ದುಡ್ಡು ಸುರಿಯುವ ಮೊದಲು ಸೀಲಿಂಗ್‌ನ ಒಂದು ಲೈಟ್ ಬಿಚ್ಚಿಸಿ, ಮೇಲೆ ಕೈ ಹಾಕಿ ನೋಡಿ. ಗ್ಲಾಸ್ ವುಲ್‌ನ ಶೀಟಿನ ಕಡೆ ಒಣಗಿದ್ದು, ಬೋರ್ಡಿನ ಕಡೆ ಮಾತ್ರ ಉದ್ದಕ್ಕೂ ಒದ್ದೆಯಿದ್ದರೆ ಅದು ಸೋರಿಕೆ ಆಗಿರುವ ಸಾಧ್ಯತೆ ಕಡಿಮೆ. ಮಳೆ ಬಿಟ್ಟ ದಿನಗಳಲ್ಲೂ, ಎಸಿ ಓಡುವ ರೂಮಲ್ಲಿ ಮಾತ್ರ ಕಲೆ ಬೆಳೆಯುತ್ತಿದ್ದರೆ ಶೀಟಿನವರನ್ನು ಕರೆಸಬೇಡಿ.