ಮೆಸ್ ಬಿಲ್ಲಿಗೆ ಸರ್ಕಾರ ಬಿತ್ತೇ?

ಪ್ರಶ್ನೆ: 1974ರಲ್ಲಿ ಗುಜರಾತ್ ಸರ್ಕಾರ ಬಿದ್ದದ್ದು ಹಾಸ್ಟೆಲ್ ಊಟದ ದರ ಏರಿಸಿದ್ದಕ್ಕೆ ಅನ್ನುತ್ತಾರೆ. ಅಷ್ಟು ಸಣ್ಣ ಕಾರಣಕ್ಕೆ ಸರ್ಕಾರ ಬೀಳುತ್ತದೆಯೇ?

ಬೀಳುವುದಿಲ್ಲ. ಆದರೆ ಆ ಕಾರಣ ಸಣ್ಣದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

1973ರ ಡಿಸೆಂಬರ್ 20ರಂದು ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ತಿರುಗಿಬಿದ್ದದ್ದು ಹಾಸ್ಟೆಲ್ ಊಟದ ದರ ಶೇ. 20ರಷ್ಟು ಏರಿದ್ದಕ್ಕೆ. ಮನೆಯಲ್ಲಾದರೆ, ಎಣ್ಣೆ ತುಟ್ಟಿಯಾದಾಗ ಅಮ್ಮ ಒಗ್ಗರಣೆಗೆ ಅರ್ಧ ಚಮಚ ಕಮ್ಮಿ ಹಾಕುತ್ತಾಳೆ, ಕರಿದ ತಿಂಡಿಯ ಮಾತೇ ಎತ್ತುವುದಿಲ್ಲ. ಮಕ್ಕಳಿಗೆ ಅದು ತಿಳಿಯುವುದೂ ಇಲ್ಲ. ಮೆಸ್ಸಿನಲ್ಲಿ ಪೇಟೆಯ ದರ ಬಿಲ್ಲಾಗಿ ನೇರ ಕೈಗೇ ಬರುತ್ತದೆ. ಊರಿಂದ ಬರುವ ಮನಿಯಾರ್ಡರ್ ಮಾತ್ರ ಅಷ್ಟಕ್ಕೆ ಅಷ್ಟೇ.

ಪೇಟೆಯ ಸ್ಥಿತಿಯೋ, ಕೇಳುವಂತಿರಲಿಲ್ಲ. 1972ರಲ್ಲಿ ಬರ. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು. ಕೇಂದ್ರದಿಂದ ಬರುತ್ತಿದ್ದ ಗೋಧಿಯೂ ಕಡಿತ. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಶೇಂಗಾ ಎಣ್ಣೆ. ಸೌರಾಷ್ಟ್ರದ ಎಣ್ಣೆ ಗಿರಣಿ ಮಾಲೀಕರನ್ನು ಜನ 'ತೇಲಿಯಾ ರಾಜಾ' ಅನ್ನುತ್ತಿದ್ದರು, ಅಂದರೆ ಎಣ್ಣೆ ದೊರೆಗಳು. ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರು ಇವರಿಂದ ಹಣ ಪಡೆದು ಬೆಲೆ ಏರಲು ಬಿಟ್ಟರು ಎಂಬುದು ಆರೋಪ. ನಿಜವೋ ಸುಳ್ಳೋ, ಜನ ನಂಬಿದರು. ಬರವನ್ನು ಬೈದು ಏನು ಸಿಗುತ್ತದೆ? 'ಚಿಮನ್ ಚೋರ್' ಎಂದು ಕೂಗಬಹುದಲ್ಲ!

ಹಾಗಾಗಿ ಹುಡುಗರ ಜಗಳ ಬೇಗ ಊರಿನ ಜಗಳವಾಯಿತು. ಜನವರಿ 3ಕ್ಕೆ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಮುಷ್ಕರ, ಪೊಲೀಸರೊಡನೆ ಘರ್ಷಣೆ. ಆಮೇಲೆ ಮೇಷ್ಟರು, ನೌಕರರು, ವಕೀಲರು. ಸರ್ಕಾರಕ್ಕೆ ಸಾವಿನ ಗಂಟೆ ಎಂದು ಜನ ಊಟದ ತಟ್ಟೆ ಬಡಿದರು. ಈ ಚಳವಳಿಗೆ 'ನವನಿರ್ಮಾಣ' ಎಂಬ ಹೆಸರು ನಿಂತಿತು. ಹಲವು ಪಟ್ಟಣಗಳಲ್ಲಿ ಕರ್ಫ್ಯೂ, ಅಹಮದಾಬಾದಿಗೆ ಸೇನೆ, ಸುಮಾರು ನೂರು ಸಾವು. 168 ಸ್ಥಾನಗಳ ವಿಧಾನಸಭೆಯಲ್ಲಿ 140 ಗೆದ್ದಿದ್ದ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಫೆಬ್ರುವರಿ 9ರಂದು ರಾಜೀನಾಮೆ ಕೊಟ್ಟರು. ಮಾರ್ಚಿನಲ್ಲಿ ಮೊರಾರ್ಜಿ ದೇಸಾಯಿ ಉಪವಾಸ ಕೂತ ಮೇಲೆ ವಿಧಾನಸಭೆಯೇ ವಿಸರ್ಜನೆಯಾಯಿತು. ಅದೇ ತಿಂಗಳು ಬಿಹಾರದಲ್ಲೂ ವಿದ್ಯಾರ್ಥಿಗಳು ಎದ್ದರು. ಅಲ್ಲಿಂದ ಜೆಪಿ, ಅಂದರೆ ಜಯಪ್ರಕಾಶ ನಾರಾಯಣರ ಚಳವಳಿಯ ಕಥೆ.

ಎಣ್ಣೆ ಅಗ್ಗವಾಯಿತೇ ಎಂದು ನೀವು ಮುಂದೆ ಕೇಳುತ್ತೀರಿ. ಸರ್ಕಾರ ಬಿದ್ದಷ್ಟಕ್ಕೆ ಎಣ್ಣೆ ಅಗ್ಗವಾಗುವುದಿಲ್ಲ. ದರ ಕಟ್ಟುತ್ತಿದ್ದ ಗಿರಣಿಗಳು, ಗೋದಾಮುಗಳು ವಿಧಾನಸಭೆಯ ಜೊತೆ ವಿಸರ್ಜನೆಯಾಗಲಿಲ್ಲವಲ್ಲ. 1975ರ ಜೂನಿನ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ವಿರೋಧ ಪಕ್ಷಗಳ ಕೂಟವಾದ ಜನತಾ ಮೋರ್ಚಾದ ಬಾಬುಭಾಯಿ ಪಟೇಲರ ಸರ್ಕಾರಕ್ಕೆ ಬೆಂಬಲ ಕೊಟ್ಟ ಪಕ್ಷಗಳಲ್ಲಿ ಒಂದು, ಕಾಂಗ್ರೆಸ್ಸಿನಿಂದ ಹೊರಬಂದ ಚಿಮನ್‌ಭಾಯಿ ಕಟ್ಟಿದ್ದೇ. 1990ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದರು.