ವೈವಾಕ್ಕೆ ಮೊದಲು ಸೀರೆ ಬೇಡ

ಪ್ರಶ್ನೆ: ನಾನು ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ನಮ್ಮ ಪ್ರಾಜೆಕ್ಟ್ ಗೈಡ್ ಮೇಡಂ ರಜೆಯಲ್ಲೂ ಲ್ಯಾಬಿಗೆ ಬಂದು ಹೇಳಿಕೊಟ್ಟಿದ್ದಾರೆ. ಕ್ಲಾಸಿನವರು ತಲಾ 300 ರೂಪಾಯಿ ಹಾಕಿ ಅವರಿಗೊಂದು ರೇಷ್ಮೆ ಸೀರೆ ಕೊಡೋಣ ಅಂತಿದ್ದಾರೆ. ವೈವಾ (ಮೌಖಿಕ ಪರೀಕ್ಷೆ) ಮುಂದಿನ ವಾರ. ಕೊಡಬಹುದೇ? ಕೊಡದಿದ್ದರೆ ತಪ್ಪಾಗುತ್ತದೆಯೇ?

ಉತ್ತರ: ಕೊಡದಿದ್ದರೆ ತಪ್ಪೇನಿಲ್ಲ. ಕೊಡಲೇಬೇಕು ಅನ್ನಿಸಿದರೆ ಮುಂದಿನ ವಾರ ಬೇಡ, ಫಲಿತಾಂಶ ಬರಲಿ. ಸೀರೆಯಂತೂ ಯಾವಾಗಲೂ ಬೇಡ.

ಪರೀಕ್ಷೆ ಹತ್ತಿರವಾದಾಗ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಕೇಳುವವರೆಲ್ಲ ಬೆಲೆಯ ಬಗ್ಗೆ ಯೋಚಿಸುತ್ತಾರೆ: ಐನೂರಾದರೆ ಸರಿಯೇ, ಐದು ಸಾವಿರವಾದರೆ ಹೆಚ್ಚಾಯಿತೇ? ನನಗೆ ಬೆಲೆಗಿಂತ ದಿನಾಂಕ ಮುಖ್ಯ. ನಿಮ್ಮ ಅಂಕ ಒಬ್ಬರ ಕೈಯಲ್ಲಿರುವಷ್ಟು ದಿನ ನೀವು ಅವರಿಗೆ ಕೊಟ್ಟಿದ್ದಕ್ಕೆ ಉಡುಗೊರೆ ಎಂಬ ಹೆಸರು ನಿಲ್ಲುವುದಿಲ್ಲ. ನಿಮ್ಮ ಮನಸ್ಸು ಎಷ್ಟೇ ಶುದ್ಧವಾಗಿರಲಿ.

‘ಗುರುದಕ್ಷಿಣೆ ನಮ್ಮ ಸಂಪ್ರದಾಯ ಅಲ್ಲವೇ ಸಾರ್’ ಎಂದು ಕೇಳುವವರಿಗೆ ಅದೇ ಸಂಪ್ರದಾಯದಿಂದ ಎರಡು ಕಥೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನ ಒಂದೊಂದು ಮಾತಿಗೂ ತಲೆದೂಗುವ ಜನಕರಾಜ ‘ಸಾವಿರ ಹಸು ಕೊಡುತ್ತೇನೆ’ ಎನ್ನುತ್ತಾನೆ. ಯಾಜ್ಞವಲ್ಕ್ಯ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಕಲಿಸದೆ ಶಿಷ್ಯನಿಂದ ಏನನ್ನೂ ಪಡೆಯಬಾರದು ಎಂಬುದು ತನ್ನ ತಂದೆಯ ಅಭಿಪ್ರಾಯವಾಗಿತ್ತು ಎನ್ನುತ್ತಾನೆ. ಗಮನಿಸಿ, ಹಸು ಬೇಡ ಅನ್ನಲಿಲ್ಲ; ಪಾಠ ಇನ್ನೂ ಮುಗಿದಿಲ್ಲ ಅಂದ.

ಇನ್ನೊಂದು ಕಾಳಿದಾಸನ ರಘುವಂಶ ಕಾವ್ಯದ ಕೌತ್ಸನದು. ಗುರು ವರತಂತು ‘ನಿನ್ನ ಸೇವೆಯೇ ಸಾಕಪ್ಪಾ’ ಎಂದರೂ ಇವನು ದಕ್ಷಿಣೆ ಹೇಳಿ ಹೇಳಿ ಎಂದು ಕಾಡಿದ. ಗುರುಗಳಿಗೆ ಸಿಟ್ಟು ಬಂದು, ಕಲಿಸಿದ 14 ವಿದ್ಯೆಗಳ ಲೆಕ್ಕಕ್ಕೆ 14 ಕೋಟಿ ತಂದು ಕೊಡು ಎಂದುಬಿಟ್ಟರು. ನಿಮ್ಮ ಮೇಡಂ ಒಮ್ಮೆ ಬೇಡ ಎಂದರೆ ಒತ್ತಾಯ ಮಾಡಬೇಡಿ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದದ್ದು ಪ್ರಸಿದ್ಧ. ಎಳೆದವರ ಉತ್ತರಪತ್ರಿಕೆ ತಿದ್ದುವ ಕೆಲಸ ಅವರಿಗೆ ಆಗ ಉಳಿದಿರಲಿಲ್ಲ ಎನ್ನುವುದನ್ನೂ ನೆನಪಿಡಬೇಕು.

ಕಾನೂನಿನ ಮಾತು ಸ್ವಲ್ಪ. 1988ರ ಭ್ರಷ್ಟಾಚಾರ ತಡೆ ಕಾಯ್ದೆ ಯಾರನ್ನು ‘ಸಾರ್ವಜನಿಕ ಸೇವಕ’ ಎನ್ನುತ್ತದೆಯೋ ಆ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಕುಲಪತಿ, ಪ್ರಾಧ್ಯಾಪಕರು, ಉಪನ್ಯಾಸಕರು ಇದ್ದಾರೆ. ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯ ಕರೆಸಿಕೊಂಡವರೂ ಇದ್ದಾರೆ, ಅಂದರೆ ನಿಮ್ಮ ವೈವಾಕ್ಕೆ ಬರುವ ಎಕ್ಸ್‌ಟರ್ನಲ್ ಕೂಡ. 2018ರ ತಿದ್ದುಪಡಿಯ ಮೇಲೆ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಜೈಲಾಗಬಹುದು. ನೀವು ಪ್ರೀತಿಯಿಂದ ಕೊಡುವ ಸೀರೆ ಲಂಚವಲ್ಲ, ಒಪ್ಪಿದೆ. ಆದರೆ ವೈವಾಕ್ಕೆ ನಾಲ್ಕು ದಿನ ಮೊದಲು ಕೊಟ್ಟರೆ, ಅದು ಉಡುಗೊರೆಯೋ ಲಂಚವೋ ಎಂದು ಮೂರನೆಯವರಿಗೆ ಹೇಗೆ ಗೊತ್ತಾಗಬೇಕು? ಹಾಗೆಯೇ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಲ್ಲಿ ಅಧ್ಯಾಪಕರು ತರಗತಿಯ ವೇಳೆ ಮೀರಿಯೂ ಸಿಗಬೇಕು, ಯಾವ ಪ್ರತಿಫಲವನ್ನೂ ಪಡೆಯದೆ ನೆರವಾಗಬೇಕು ಎಂದಿದೆ. ರಜೆಯಲ್ಲಿ ಬಂದ ಮೇಡಂ ನಿಮ್ಮ ಮೇಲೆ ಸಾಲ ಹೊರಿಸಿಲ್ಲ.

ಈಗ ಆ 300 ರೂಪಾಯಿ. ನಾನು 28 ವರ್ಷ ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. ಒಂದು ಸಲ ಬೆಂಚಿನ ಕೆಳಗೆ ಬಿದ್ದಿದ್ದ ಹಾಳೆಯೊಂದು ಸಿಕ್ಕಿತು. ನನ್ನದೇ ಬೀಳ್ಕೊಡುಗೆಗೆ ದುಡ್ಡು ಎತ್ತಿದ ಪಟ್ಟಿ. ಕೊಟ್ಟವರ ಮುಂದೆ ರೈಟ್ ಮಾರ್ಕು. ಮೂವರ ಮುಂದೆ ಕೆಂಪು ಶಾಯಿಯಲ್ಲಿ ‘ಬಾಕಿ’. ಅದರಲ್ಲೊಬ್ಬ ಹುಡುಗ ಬೆಳಿಗ್ಗೆ ಪೇಪರ್ ಹಾಕಿ ಕಾಲೇಜಿಗೆ ಬರುತ್ತಿದ್ದ. ಆಮೇಲೆ ಅವರು ಕೊಟ್ಟ ಗೋಡೆ ಗಡಿಯಾರ ನಮ್ಮ ಮನೆಯಲ್ಲಿ ಚೆನ್ನಾಗಿಯೇ ನಡೆಯಿತು, ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಆ ಕೆಂಪು ಅಕ್ಷರ ಕಾಣುತ್ತಿತ್ತು. ಪ್ರಾಕ್ಟಿಕಲ್ ದಿನ ಎಕ್ಸ್‌ಟರ್ನಲ್ ಊಟಕ್ಕೆಂದು ದುಡ್ಡು ಎತ್ತುವ ಪದ್ಧತಿಯೂ ಕೆಲವೆಡೆ ಇದೆ. ಅದಂತೂ ಉಡುಗೊರೆಯೂ ಅಲ್ಲ, ಸಂಪ್ರದಾಯವೂ ಅಲ್ಲ, ವಸೂಲಿ.

ಸಂಗೀತ, ನೃತ್ಯ ಕಲಿಯುವವರ ಲೆಕ್ಕ ಬೇರೆ. ವಿಜಯದಶಮಿಗೆ ತಾಂಬೂಲ, ರಂಗಪ್ರವೇಶಕ್ಕೆ ಗುರುಕಾಣಿಕೆ ಎಲ್ಲರೆದುರು ನಡೆಯುವಂಥದ್ದು, ಅಲ್ಲಿ ಗುರುಗಳ ಕೈಯಲ್ಲಿ ಇಂಟರ್ನಲ್ಸ್ ಅಂಕ ಇಲ್ಲ. (ಕಾಣಿಕೆಯ ಹೆಸರಿನಲ್ಲಿ ಸಾಲ ಮಾಡಿಸುವವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಹಾಗಾದರೆ ಏನು ಕೊಡಬಹುದು? ಸ್ಟಾಫ್ ರೂಮಿನ ಮೇಜಿನ ಮೇಲೆ ಎಲ್ಲರೆದುರು ಇಡಬಹುದಾದದ್ದು. ಸಾಗರದ ಕಡೆಯ ಹುಡುಗನೊಬ್ಬ ರಿಸಲ್ಟ್ ಬಂದ ಮೇಲೆ ಬಸ್ಸಿನಲ್ಲಿ ಹಲಸಿನಹಣ್ಣು ಹೊತ್ತು ತಂದಿದ್ದ. ಅಟೆಂಡರ್ ಕೈಗೆ ಎಣ್ಣೆ ಸವರಿಕೊಂಡು ಬಿಡಿಸಿದರು, ಇಡೀ ಡಿಪಾರ್ಟ್‌ಮೆಂಟ್ ತಿಂದಿತು, ಯಾರೂ ಯಾರಿಗೂ ಋಣಿಯಾಗಲಿಲ್ಲ. ಕನ್ನಡ ಪುಸ್ತಕವೂ ಆದೀತು.

ಪತ್ರ ಬರೆಯುವುದಾದರೆ ‘ತಾವು ನಮ್ಮ ಬಾಳಿನ ದೀಪ’ ಎಂದೆಲ್ಲ ಬೇಡ. ಮೇಡಂ ಯಾವ ದಿನ ಯಾವ ರೀಡಿಂಗ್ ತಪ್ಪೆಂದು ತೋರಿಸಿದರು, ಅದರಿಂದ ನಿಮಗೆ ಏನು ಗೊತ್ತಾಯಿತು ಎಂದು ಬರೆಯಿರಿ. ಅವರು ಅತಿಥಿ ಉಪನ್ಯಾಸಕರಾಗಿದ್ದರೆ ಎಲ್ಲರೂ ಸಹಿ ಮಾಡಿ ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕೊಡಿ. ವರ್ಷವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವವರಿಗೆ ರೇಷ್ಮೆ ಸೀರೆಗಿಂತ ಆ ಕಾಗದ ಉಪಯೋಗಕ್ಕೆ ಬಂದೀತು.

ದುಡ್ಡು ಎತ್ತಲು ಶುರು ಮಾಡಿದ್ದರೆ ಇವತ್ತೇ ವಾಪಸ್ ಕೊಟ್ಟುಬಿಡಿ. ಪಟ್ಟಿ ಬರೆದಿದ್ದರೆ ಅದನ್ನೂ ಹರಿದುಹಾಕಿ.